ಹಿಮೋಗ್ಲೋಬಿನ್ ಒಳಗೆ ತಲೆ ಹಾಕಿ ನೋಡೋಣ, ಬ್ರೌಸರ್‌ನಲ್ಲೇ

ಪ್ರೋಟೀನ್ ಅನ್ನು ವಿಆರ್‌ನಲ್ಲಿ (ವರ್ಚುವಲ್ ರಿಯಾಲಿಟಿಯಲ್ಲಿ) ನೋಡೋಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಒಂದು ಹೆಡ್‌ಸೆಟ್, ವೆಬ್‌ಎಕ್ಸ್‌ಆರ್ (ವೆಬ್ ಪುಟವನ್ನು ವಿಆರ್‌ನಲ್ಲಿ ತೋರಿಸುವ ವ್ಯವಸ್ಥೆ) ಗೊತ್ತಿರುವ ಬ್ರೌಸರ್, ಇಷ್ಟಿದ್ದರೆ ಆಯ್ತು. ಕ್ವೆಸ್ಟ್ ಹೆಡ್‌ಸೆಟ್‌ನ ಬ್ರೌಸರ್‌ಗೆ ಅದು ಗೊತ್ತು. ಐಫೋನ್‌ನ ಸಫಾರಿಗೆ ಗೊತ್ತಿಲ್ಲ, ಅದರ ಜೊತೆ ಸುಮ್ನೆ ಒದ್ದಾಡಬೇಡಿ.

ಮೊದಲ ಸಲಕ್ಕೆ ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ ಒಳ್ಳೆಯದು. ಪ್ರೋಟೀನ್ ರಚನೆಗಳನ್ನು ಕೂಡಿಟ್ಟಿರುವ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಅದರ ಐಡಿ 4ಎಚ್‌ಎಚ್‌ಬಿ, ಆಕ್ಸಿಜನ್ ಹಿಡಿಯದೆ ಇರುವ ರೂಪ. ಬ್ರೌಸರ್‌ನಲ್ಲೇ ಅಣುಗಳನ್ನು ತೋರಿಸುವ ಮೋಲ್‌ಸ್ಟಾರ್ (Mol*) ವ್ಯೂವರ್‌ನಲ್ಲಿ ಇದನ್ನು ತೆರೆದು, ನೀರಿನ ಅಣುಗಳನ್ನು ಮರೆಮಾಡಿ. ನಾಲ್ಕು ಸರಪಳಿಗಳು ರಿಬ್ಬನ್ ತರಹ ಇರಲಿ, ನಾಲ್ಕು ಹೀಮ್‌ಗಳು (ನಡುವೆ ಕಬ್ಬಿಣ ಇರುವ ಚಪ್ಪಟೆ ಭಾಗಗಳು) ಮಾತ್ರ ಕಡ್ಡಿ-ಗುಂಡಿನ ರೂಪದಲ್ಲಿರಲಿ. ಸರ್ಫೇಸ್ (ಇಡೀ ಅಣುವಿನ ಹೊರಮೈ) ಹಾಕಿದರೆ ಚಿತ್ರ ಕಟ್ಟುವ ತ್ರಿಕೋನಗಳು ಜಾಸ್ತಿಯಾಗಿ ಹೆಡ್‌ಸೆಟ್ ತಡವರಿಸುತ್ತದೆ, ಒಳಗಿನದೂ ಮುಚ್ಚಿಹೋಗುತ್ತದೆ. ಆಮೇಲೆ ಜಿಯೊಮೆಟ್ರಿ ಎಕ್ಸ್‌ಪೋರ್ಟ್‌ನಲ್ಲಿ ಜಿಎಲ್‌ಬಿ ಎಂಬ 3ಡಿ ಮಾಡೆಲ್ ಫೈಲ್ ಇಳಿಸಿಕೊಳ್ಳಿ.

ಈಗ ಎ-ಫ್ರೇಮ್ (ವಿಆರ್ ಪುಟ ಕಟ್ಟುವ ಕೋಡ್ ಲೈಬ್ರರಿ) ಬಳಸಿ ಒಂದು ಸಣ್ಣ ಎಚ್‌ಟಿಎಮ್‌ಎಲ್ ಪುಟ ಮಾಡಿ, ಅದರಲ್ಲಿ ಈ ಮಾಡೆಲ್ ಇಡಿ. ವಿಆರ್ ಬಟನ್ ತಾನಾಗೇ ಬರುತ್ತದೆ. ಇಲ್ಲಿ ಎಲ್ಲರೂ ಎಡವುವುದು ಅಳತೆಯಲ್ಲಿ. ಫೈಲ್‌ನ ಅಳತೆ ಆಂಗ್‌ಸ್ಟ್ರಮ್‌ನಲ್ಲಿ (ಮೀಟರ್‌ನ ಸಾವಿರ ಕೋಟಿಯಲ್ಲಿ ಒಂದು ಭಾಗ), ಬ್ರೌಸರ್ ಅದನ್ನು ಮೀಟರ್ ಅಂತ ಓದುತ್ತದೆ, ಹಾಗಾಗಿ ಸುಮಾರು 60 ಆಂಗ್‌ಸ್ಟ್ರಮ್ ಅಗಲದ ಹಿಮೋಗ್ಲೋಬಿನ್ 60 ಮೀಟರ್‌ನ ಕಟ್ಟಡವಾಗಿ ಎದುರು ನಿಲ್ಲುತ್ತದೆ! ಸ್ಕೇಲ್ 0.01 ಕೊಡಿ, 60 ಸೆಂಟಿಮೀಟರ್‌ಗೆ ಇಳಿಯುತ್ತದೆ. ನೆಲದಿಂದ 1.4 ಮೀಟರ್ ಮೇಲೆ, ನಿಮ್ಮಿಂದ 1 ಮೀಟರ್ ಮುಂದೆ ಇಟ್ಟರೆ ಕುತ್ತಿಗೆಗೆ ಆರಾಮ.

ಪುಟವನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಮಾಡೆಲ್ ಲೋಡ್ ಆಗುವುದಿಲ್ಲ, ಸರ್ವರ್ ಬೇಕು. ಕಂಪ್ಯೂಟರ್‌ನಲ್ಲಿ ಲೋಕಲ್‌ಹೋಸ್ಟ್ (ಅದೇ ಕಂಪ್ಯೂಟರ್‌ನಲ್ಲಿ ಓಡುವ ಸರ್ವರ್‌ನ ವಿಳಾಸ) ಸಾಕು. ಆದರೆ ಹೆಡ್‌ಸೆಟ್‌ನಿಂದ ಕಂಪ್ಯೂಟರ್‌ನ ಐಪಿ ವಿಳಾಸ ಹೊಡೆದರೆ ಪುಟ ಬರುತ್ತದೆ, ವಿಆರ್ ಮಾತ್ರ ಶುರುವಾಗುವುದಿಲ್ಲ, ಯಾಕಂದ್ರೆ ಲೋಕಲ್‌ಹೋಸ್ಟ್ ಬಿಟ್ಟರೆ ವೆಬ್‌ಎಕ್ಸ್‌ಆರ್‌ಗೆ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಬೇಕೇ ಬೇಕು. ನಾನು ಅರ್ಧ ದಿನ ಕೋಡ್ ತಿದ್ದುತ್ತಾ ಕೂತಿದ್ದೆ, ತಪ್ಪು ವಿಳಾಸದಲ್ಲಿತ್ತು. ಎಚ್‌ಟಿಟಿಪಿಎಸ್ ಇರುವ ಯಾವುದಾದರೂ ಹೋಸ್ಟಿಂಗ್‌ಗೆ ಹಾಕಿಬಿಡಿ.

ಮಾಡೆಲ್ ತಾನೇ ತಿರುಗುವಂತೆ ಮಾಡಬೇಡಿ, ತಲೆ ಸುತ್ತುತ್ತದೆ. ನೀವೇ ಸುತ್ತ ನಡೆಯಿರಿ.

ಕೊನೆಗೆ ಸ್ಕೇಲ್ 0.1 ಮಾಡಿ, ಒಂದು ಹೀಮ್ ಮುಖದ ಎದುರು ಬರುವಂತೆ ಮಾಡೆಲ್ ಸರಿಸಿ. ಹೀಮ್ ಈಗ ಸುಮಾರು ಒಂದು ಮೀಟರ್ ಅಗಲದ ತಟ್ಟೆ. ಬಗ್ಗಿ ಅದರ ಅಂಚಿನಿಂದ ನೋಡಿ. ನಡುವಿನ ಕಬ್ಬಿಣ ತಟ್ಟೆಯ ಮಟ್ಟದಲ್ಲಿಲ್ಲ, ಅದನ್ನು ಸರಪಳಿಗೆ ಕಟ್ಟಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ (ರಿಬ್ಬನ್‌ನಲ್ಲಿ ಬಿಡಿಯಾಗಿ ಕಾಣದು) ಇರುವ ಕಡೆಗೆ ಸ್ವಲ್ಪ ಸರಿದಿದೆ, ಅಲ್ವಾ? ಆಕ್ಸಿಜನ್ ಬಂದು ಕೂತಾಗ ಅದು ತಟ್ಟೆಯೊಳಕ್ಕೆ ಸರಿಯುತ್ತದೆ, ಜೊತೆಗೆ ಹಿಸ್ಟಿಡಿನ್ ಅನ್ನೂ ಎಳೆಯುತ್ತದೆ.