ನಾಲ್ಕರಲ್ಲಿ ಮಾತ್ರ ತಿರುಗುತ್ತಿದ್ದ ಬ್ಲೋವರ್

ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ವಾ? ಹುಬ್ಬಳ್ಳಿಯಿಂದ ಹೊರಟು ಉಣಕಲ್ ಕೆರೆ ದಾಟುವಷ್ಟರಲ್ಲಿ ಕಾರಿನ ಮುಂದಿನ ಗಾಜು ಪೂರ್ತಿ ಮಬ್ಬು. ಗಾಜಿಗೆ ಗಾಳಿ ಊದುವ ಫ್ಯಾನ್, ಅಂದರೆ ಬ್ಲೋವರ್, ಸ್ಪೀಡ್ ಒಂದು, ಎರಡು, ಮೂರರಲ್ಲಿ ಸುಮ್ನೆ ಕೂತಿರುತ್ತಿತ್ತು. ನಾಲ್ಕಕ್ಕೆ ತಿರುಗಿಸಿದರೆ ಮಾತ್ರ ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಾ ಗಾಳಿ.

ಗ್ಯಾರೇಜಿನಲ್ಲಿ ಮೋಟಾರೇ ಹೋಗಿದೆ ಅಂದರು. ಹೋಗಿದ್ದರೆ ನಾಲ್ಕರಲ್ಲಿ ಹೇಗೆ ತಿರುಗುತ್ತದೆ? ನಮ್ಮದು ಹಳೇ ಗಾಡಿ. ಕಡಿಮೆ ಸ್ಪೀಡಿಗೆ ಕರೆಂಟ್ ಅದನ್ನು ತಗ್ಗಿಸುವ ರೆಸಿಸ್ಟರ್ ಅನ್ನೋ ಭಾಗದ ಮೂಲಕ ಹೋಗುತ್ತದೆ, ನಾಲ್ಕರಲ್ಲಿ ರೆಸಿಸ್ಟರ್ ಬಿಟ್ಟು ನೇರ ಮೋಟಾರಿಗೆ. ನನ್ನ ಅನುಮಾನ ರೆಸಿಸ್ಟರ್ ಮೇಲೆ.

ಭಾನುವಾರ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ, ಗ್ಲೋವ್ ಬಾಕ್ಸ್ ಇಳಿಸಿದೆ. ಎರಡೇ ಸ್ಕ್ರೂ, ಆದರೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಸೊಂಟ ಹಿಡಿಯಿತು. ರೆಸಿಸ್ಟರಿನ ಸುರುಳಿ ತುಂಡಾಗಿತ್ತು. ಅದಕ್ಕೆ ವೈರ್ ಸಿಕ್ಕಿಸುವ ಕನೆಕ್ಟರಿನ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಎರಡನ್ನೂ ಬದಲಿಸಿದೆ. ಕರಗಿದ ಕನೆಕ್ಟರ್ ಹಾಗೇ ಬಿಟ್ಟರೆ ಮತ್ತೆ ಅಲ್ಲೇ ಬಿಸಿಯಾಗುತ್ತದೆ.

ಇನ್ನೊಬ್ಬ ಕಳ್ಳ, ಕಾರಿನೊಳಗೆ ಬರುವ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್. ಒಂದು ಬೊಗಸೆ ಬೇವಿನ ಎಲೆ, ಕೆಂಪು ಧೂಳು! ರೆಸಿಸ್ಟರ್ ತಣ್ಣಗಾಗುವುದು ಬ್ಲೋವರಿನ ಗಾಳಿಯಿಂದಲೇ. ದಾರಿ ಕಟ್ಟಿದರೆ ಅದು ಜಾಸ್ತಿ ಬಿಸಿಯಾಗುತ್ತದೆ. ಫಿಲ್ಟರ್ ಕೂಡ ಹೊಸದು ಹಾಕಿದೆ. ಈಗ ಎರಡರಲ್ಲೇ ಗಾಜು ತಿಳಿಯಾಗುತ್ತಿದೆ.