‘ಹೇಗಿದೆ?’ ಅಂತ ಕೇಳೋದು ಬಿಟ್ಟೆ

ದಾವಣಗೆರೆಯಲ್ಲಿ ಹಾಡು ಬರೆಯುವ ನಾವು ಕೆಲವರು ಭಾನುವಾರ ಸಂಜೆ ಸೇರುತ್ತೇವೆ. ಭಜನೆಗೆ ತಬಲಾ ನುಡಿಸುವ ಹಿರಿಯರು, ರ‍್ಯಾಪ್ ಬರೆಯುವ ಹುಡುಗ, ಭಾವಗೀತೆ ಹಾಡುವ ಟೀಚರ್, ನಾನು. ಮಂಡಕ್ಕಿ-ಮಿರ್ಚಿ ಬಂದರೆ ಯಾರೂ ಹಾಡುವುದಿಲ್ಲ, ಅದಕ್ಕೇ ಹಾಡು ಮೊದಲು.

ಸಾಹಿತ್ಯವನ್ನು ಸುಮ್ನೆ ಓದಿ ಹೇಳುವಂತಿಲ್ಲ. ಕಂಠ ಹೇಗೇ ಇರಲಿ, ಹಾಡಬೇಕು. ಕಾಗದದ ಮೇಲೆ ಚೆಂದ ಕಂಡ ಸಾಲು ಬಾಯಲ್ಲಿ ಎಡವುತ್ತದೆ. ‘ಹೇಗಿದೆ?’ ಅಂದರೆ ‘ಚೆನ್ನಾಗಿದೆ’ ಅಂತಾರೆ. ಅದನ್ನಿಟ್ಟುಕೊಂಡು ಏನು ಮಾಡೋದು? ಹಾಗಾಗಿ ನಾನು ಬೇರೆ ಥರ ಕೇಳುತ್ತೇನೆ. ಯಾವ ಪದ ಕಿವಿಗೆ ಬೀಳಲಿಲ್ಲ? ಚರಣದಿಂದ ಪಲ್ಲವಿಗೆ ಬಂದಾಗ ಸಲೀಸಾಗಿತ್ತಾ?

ಹೀಗೆ ಕೇಳಿದಾಗಲೇ ಟೀಚರ್ ನನ್ನ ಒಂದು ಸಾಲು ಹಿಡಿದರು. ‘ಬಾ ನೀ ನಮ್ಮೂರಿಗೆ’ ಅಂತ ಬರೆದಿದ್ದೆ. ಟ್ಯೂನು ಕೊನೆಗೆ ಮೇಲಕ್ಕೆ ಹೋಗಿ ನಿಲ್ಲುತ್ತದೆ. ಅಲ್ಲಿ ‘ಗೆ’ಯನ್ನು ಎಳೆದರೆ ಗಂಟಲು ಬಿಗಿಯುತ್ತದೆ ಎಂದರು. ‘ನಮ್ಮೂರಿಗೆ ನೀ ಬಾ’ ಎಂದು ತಿರುಗಿಸಿದೆ. ಮಾತ್ರೆ (ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು) ಆಗಲೂ ಹತ್ತು, ಈಗಲೂ ಹತ್ತು. ಆದರೆ ‘ಆ’ ಬಾಯಿ ತುಂಬಾ ತೆರೆಯುವ ಸ್ವರ, ಎಷ್ಟು ಹೊತ್ತು ಬೇಕಾದರೂ ನಿಲ್ಲಿಸಬಹುದು.

ನಾನು ಜಾಸ್ತಿ ಕಲಿತದ್ದು ಮಾತ್ರ ಬೇರೆಯವರ ಹಾಡು ಕೇಳಿ. ರ‍್ಯಾಪ್ ಹುಡುಗ ಬೆಣ್ಣೆದೋಸೆ ಮೇಲೆ ಹಾಡು ಕಟ್ಟಿದ್ದ (ನಮ್ಮೂರಲ್ಲಿ ಅದನ್ನು ಬರೆಯದವನು ಕವಿಯೇ ಅಲ್ಲ ಬಿಡಿ). ತಾಳ ಕೆಹರವಾ, ಎಂಟು ಮಾತ್ರೆ, ನಾಲ್ಕು ನಾಲ್ಕರ ನಡೆ. ಪದ ಕೂರುತ್ತಲೇ ಇರಲಿಲ್ಲ. ತಬಲಾದವರು ಹೇಳಿದರು: ‘ತಮ್ಮಾ, ನಿನ್ನ ಪದ ಮೂರ್ ಮೂರು ಹೆಜ್ಜಿ ನಡೀತೈತಿ. ನೀ ನಾಲ್ಕಕ್ಕ ಎಳೀತೀಯಲ್ಲ.’ ನಿಜ. ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು ಮಾತ್ರೆ, ದೀರ್ಘಕ್ಕೂ ಎರಡು. ‘ಬೆಣ್ಣೆ’ ಮೂರು, ‘ದೋಸೆ’ ಮೂರು. ಆರು ಮಾತ್ರೆಯ ದಾದ್ರಾ ತಾಳ ಹಿಡಿದ ಕೂಡಲೇ ಕಾಲು ತಾನಾಗಿ ಕುಣಿಯಿತು. ಆಮೇಲೆ ನಾನೂ ಟ್ಯೂನಿಗೆ ಪದ ಹುಡುಕುವ ಮೊದಲು ಹಾಡಿನ ಮುಖ್ಯ ಪದದ ನಡೆ ಎಣಿಸುತ್ತೇನೆ.

ಹೇಳಿದ್ದನ್ನೆಲ್ಲ ತಿದ್ದುವುದಿಲ್ಲ. ಒಬ್ಬರಿಗೆ ಹಿಡಿಸದಿದ್ದರೆ ಅದು ಅವರ ರುಚಿ. ಇಬ್ಬರು ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ಕೈ ಹಾಕುತ್ತೇನೆ.

ಹಾಡು ಕದ್ದರೆ ಅಂತ ಹೊಸಬರು ಹೆದರುತ್ತಾರೆ. ಬರೆದಿಟ್ಟ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. 2012ರ ಕಾಪಿರೈಟ್ ತಿದ್ದುಪಡಿ ಸಿನಿಮಾಕ್ಕೆ ಬರೆದವರಿಗೂ ರಾಯಲ್ಟಿಯಲ್ಲಿ ಪಾಲು ಉಳಿಸಿದೆ. ಆದರೂ ತಾರೀಕು ಇರುವ ರೆಕಾರ್ಡಿಂಗನ್ನು ಅಳಿಸದೆ ಇಟ್ಟುಕೊಳ್ಳುತ್ತೇನೆ. ನಮ್ಮೊಳಗಿನ ಲೆಕ್ಕ ಸರಳ: ಪದ ಸೂಚಿಸಿದವರಿಗೆ ಮಿರ್ಚಿ, ಚರಣವನ್ನೇ ಬರೆದುಕೊಟ್ಟವರಿಗೆ ಹೆಸರು ಮತ್ತು ಪಾಲು. ಅದನ್ನು ರೆಕಾರ್ಡಿಂಗಿಗೆ ಮೊದಲೇ ಮೆಸೇಜಿನಲ್ಲಿ ಬರೆದುಕೊಳ್ಳುತ್ತೇವೆ.