ತೂಗು ಕುಂಡಕ್ಕೆ ಎಷ್ಟು ನೀರು?

ಕುಂಡವನ್ನು ಕೆಳಗಿನಿಂದ ಅಂಗೈಯಲ್ಲಿ ಎತ್ತಿ ನೋಡಿ. ಹಗುರವಿದ್ದರೆ ನೀರು ಹಾಕಿ, ಭಾರವಿದ್ದರೆ ಸುಮ್ಮನಿರಿ. ಸೋಮವಾರ, ಗುರುವಾರ ಎಂದು ವಾರ ಹಿಡಿದು ನೀರು ಹಾಕುವ ಕ್ರಮ ಈ ಮುಂಬಯಿಗೆ ಹೇಳಿಸಿದ್ದಲ್ಲ ಮಾರಾಯ್ರೆ. ಜುಲೈಯಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಕುಂಡದ ಮಣ್ಣು ಒಣಗೀತೇ? ಅದೇ ಅಕ್ಟೋಬರ್ ಸೆಖೆ ಶುರುವಾದರೆ ಬೆಳಿಗ್ಗೆ ಹಾಕಿದ್ದು ಸಂಜೆಗೆ ಮಾಯ.

ನೆಲದ ಮೇಲಿಟ್ಟ ಕುಂಡಕ್ಕಿಂತ ತೂಗು ಹಾಕಿದ್ದು ಬೇಗ ಒಣಗುತ್ತದೆ. ಸುತ್ತಲೂ ಗಾಳಿ, ಛಾವಣಿಯ ಹತ್ತಿರ ಬಿಸಿ, ಮೇಲಿಂದ ನಮ್ಮ ಫ್ಯಾನು. ತೆಂಗಿನ ನಾರಿನ ಬುಟ್ಟಿಯಾದರಂತೂ ಎಲ್ಲ ಬದಿಯಿಂದಲೂ ಆರುತ್ತದೆ. ಕುಂಡಕ್ಕೆ ತುಂಬುವ ಕೋಕೋಪೀಟಿಗೆ, ಅಂದರೆ ತೆಂಗಿನ ನಾರಿನ ಪುಡಿಗೆ, ಇನ್ನೊಂದು ಗುಣವಿದೆ: ಒಮ್ಮೆ ಪೂರ್ತಿ ಒಣಗಿತೋ, ಹೊಯ್ದ ನೀರನ್ನು ಕೂಡಲೇ ಹೀರದೆ ಇರಬಹುದು. ಆಗ ನೀರು ಅಂಚಿನಲ್ಲೇ ಜಾರಿ ತಳದಿಂದ ಸುರಿಯುತ್ತದೆ. ತಳದಲ್ಲಿ ನೀರು ಬಂತಲ್ಲ, ಸಾಕು ಎಂದು ನಾವು ಕೈ ತೊಳೆದುಕೊಳ್ಳುತ್ತೇವೆ, ಬೇರು ಮಾತ್ರ ಬಾಯಾರಿಯೇ ಇರುತ್ತದೆ. ಹಾಗಾದಾಗ ಕುಂಡ ಇಳಿಸಿ, ಅರ್ಧ ಗಂಟೆ ಬಕೆಟ್ ನೀರಿನಲ್ಲಿ ಕೂರಿಸಿ, ನೀರೆಲ್ಲ ಸೋರಿದ ಮೇಲೆ ತೂಗಿಸಿ.

ಮಳೆಗಾಲದಲ್ಲಿ ಗಿಡ ಸಾಯುವುದು ನೀರು ಹೆಚ್ಚಾಗಿ. ಗ್ರಿಲ್ಲಿನ ಹೊರಗೆ ನೇತುಹಾಕಿದ್ದನ್ನು ಜೂನ್ ಬರುವ ಮೊದಲೇ ಒಳಗೆ ತನ್ನಿ. ಮಣ್ಣು ಒದ್ದೆಯಿದ್ದೂ ಎಲೆ ಹಳದಿಯಾಗಿ, ಕಾಂಡ ಮೆತ್ತಗಾದರೆ ಬೇರು ಕೊಳೆಯುತ್ತಿದೆ ಎಂದೇ ತಿಳಿಯಿರಿ. ಬಾಡಿತು ಪಾಪ ಎಂದು ಇನ್ನೊಂದು ಚೊಂಬು ಹೊಯ್ಯಬೇಡಿ. ತಳದ ತಟ್ಟೆಯ ನೀರನ್ನು ಆಗಾಗ ಚೆಲ್ಲಿ. ಡೆಂಗಿ ಸೊಳ್ಳೆಗೆ ಆ ಬೊಗಸೆ ನೀರು ಧಾರಾಳ, ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು.

ಗಿಡ ಯಾವುದು ಎಂದರೆ, ಮೊದಲ ಸಲದವರಿಗೆ ಮನಿ ಪ್ಲಾಂಟ್. ಅದೂ ಕತ್ತಲ ಮೂಲೆಗಲ್ಲ, ಕಿಟಕಿಯ ಹತ್ತಿರಕ್ಕೆ. ಬೆಳಕು ಸಾಲದಿದ್ದರೆ ಎಲೆಯ ಹಳದಿ ಬಣ್ಣ ಹೋಗಿ ಬರೀ ಹಸಿರಾಗುತ್ತದೆ, ಬಳ್ಳಿ ಬೋಳಾಗಿ ಉದ್ದಕ್ಕೆ ಇಳಿಯುತ್ತದೆ. ಪಶ್ಚಿಮದ ಮಧ್ಯಾಹ್ನದ ಬಿಸಿಲು ಮಾತ್ರ ನೇರ ಬೀಳಬಾರದು, ಎಲೆ ಸುಡುತ್ತದೆ. ಬೋಳಾದ ಬಳ್ಳಿಯನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ಬೇರು ಬರುವವರೆಗೆ ನೀರಿನಲ್ಲಿಟ್ಟು, ಅದೇ ಕುಂಡಕ್ಕೆ ಚುಚ್ಚಿ, ಬುಡ ತುಂಬಿಕೊಳ್ಳುತ್ತದೆ. ಇದಕ್ಕೆ ಕರುಣೆ ಬೇಡ, ಕತ್ತರಿಸಿದಷ್ಟೂ ಒಳ್ಳೆಯದೇ. ಆದರೆ ಅದರ ಎಲೆ ಜಗಿದರೆ ಬಾಯಿ ಉರಿದು ಊದುತ್ತದೆ. ಮನೆಯಲ್ಲಿ ಅಂಬೆಗಾಲಿನ ಮಗುವೋ ಬೆಕ್ಕೋ ಇದ್ದರೆ ಸ್ಪೈಡರ್ ಪ್ಲಾಂಟ್ ವಾಸಿ, ಅದು ವಿಷವಲ್ಲ. ಅದರ ಎಲೆಯ ತುದಿ ಕಂದಾಗುವುದು ಹೆಚ್ಚಾಗಿ ನೀರಿನ ಲವಣದಿಂದ. ಮಳೆನೀರು ಹಿಡಿದಿಟ್ಟರೆ ಅದನ್ನೇ ಹಾಕಿ.

ಬಿಳಿ ಹತ್ತಿಯಂಥ ಹುಳ ಕಂಡರೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳೆಯುವ ಸೋಪು. ಸಂಜೆ ಹೊತ್ತಿಗೆ ಎಲೆಯ ಅಡಿಗೂ ಸಿಂಪಡಿಸಿ.

ಕೊಕ್ಕೆಯ ವಿಷಯದಲ್ಲಿ ನಾನು ಸ್ವಲ್ಪ ಹಟದವಳು. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಛಾವಣಿಗೆ ಮೊಳೆ ಹೊಡೆದು ನೇತುಹಾಕಬೇಡಿ. ನೀರು ಕುಡಿದ ಕುಂಡ ಸಣ್ಣದಾದರೂ ಮೂರು ನಾಲ್ಕು ಕಿಲೋ ತೂಗುತ್ತದೆ, ಮೇಲಿನ ಸ್ಲ್ಯಾಬಿಗೇ ಆಂಕರ್ ಬೋಲ್ಟ್ ಹಾಕಿಸಿ. ಇನ್ನು ಗ್ಯಾಲರಿಯಲ್ಲಿ ತೂಗಿಸುವವರು ನೀರು ಹಾಕುವುದನ್ನು ಬೆಳಿಗ್ಗೆ ಬೇಗ ಮುಗಿಸಿ, ಕೆಳಗಿನ ಮಹಡಿಯವರು ಬಟ್ಟೆ ಒಣಹಾಕುವ ಮೊದಲು. ಸೊಸೈಟಿ ಮೀಟಿಂಗಿನಲ್ಲಿ ಅರ್ಧ ಜಗಳ ಈ ಕೆಸರು ನೀರಿನದ್ದೇ.